ಜಗಳಗಂಟನ ನೆರೆಮನೆ

ಯಾದಗಿರಿ ಜಿಲ್ಲೆಯ ದೇವಾಪುರದಲ್ಲಿ ಮೀನು ಎಂದರೆ ಎರಡು ಬಗೆ. ಒಂದು ಸಾರಿನ ಮೀನು, ಇನ್ನೊಂದು ಗಾಜಿನ ಮೀನು. ಸಾರಿನದು ಕೃಷ್ಣೆಯಿಂದಲೋ ಕಾಲುವೆಯಿಂದಲೋ ಬುಟ್ಟಿಯಲ್ಲಿ ಬರುತ್ತದೆ. ಗಾಜಿನದು ಕಲಬುರಗಿಯ ಕಡೆಯಿಂದ ಬಸ್ಸಿನಲ್ಲಿ, ಗಾಳಿ ತುಂಬಿ ರಬ್ಬರ್ ಬ್ಯಾಂಡ್ ಬಿಗಿದ ಪ್ಲಾಸ್ಟಿಕ್ ಚೀಲದೊಳಗೆ, ಯಾರದೋ ತೊಡೆಯ ಮೇಲೆ ಕೂತು ಬರುತ್ತದೆ. ಮೊದಲನೆಯದರ ಮುಳ್ಳೆಷ್ಟು, ಅದಕ್ಕೆ ಹುಣಸೆಹುಳಿ ಎಷ್ಟು ಎಂಬುದನ್ನು ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಎರಡನೆಯದರ ಬಗ್ಗೆ ಗೊತ್ತಿರುವುದು ಅಂಗಡಿಯವನು ಹೇಳಿದಷ್ಟೇ. ಅಂಗಡಿಯವನದು ಎಂದಿಗೂ ಒಂದೇ ಮಾತು: "ಭಾಳ ಸಾಧು ಐತ್ರಿ ಸರ, ಯಾವುದರ ಕೂಡ ಬಿಟ್ರೂ ನಡೀತದ."

ಊರಿನ ಮಾಸ್ತರರೊಬ್ಬರು ಈ ಮಾತು ನಂಬಿ ಬೆರಳುದ್ದದ ಎರಡು ಆಸ್ಕರ್ ಮರಿ, ನಾಲ್ಕು ಗೋಲ್ಡ್‌ಫಿಶ್, ಹತ್ತು ನಿಯಾನ್ ಟೆಟ್ರಾ ತಂದರೆಂದು ಇಟ್ಟುಕೊಳ್ಳೋಣ. ಮೊದಲ ವಾರ ಮನೆಯಲ್ಲಿ ಹಬ್ಬ. ನೆರೆಹೊರೆಯ ಮಕ್ಕಳೆಲ್ಲ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಾರೆ. ಎರಡನೆಯ ವಾರ ಟೆಟ್ರಾ ಎಣಿಸಿದರೆ ಏಳು. ಮೂರನೆಯ ವಾರ ಎಣಿಸುವ ಕೆಲಸವೇ ಉಳಿಯುವುದಿಲ್ಲ. ಎರಡು ತಿಂಗಳಾಗುವಷ್ಟರಲ್ಲಿ ಗೋಲ್ಡ್‌ಫಿಶ್‌ಗಳ ಬಾಲ ಹರಿದ ಪಟಾಕಿ ಕಾಗದದಂತಾಗಿರುತ್ತದೆ. ಆಮೇಲೆ ಎರಡು ಆಸ್ಕರ್‌ಗಳಲ್ಲೇ ಒಂದು ಮೂಲೆ ಸೇರಿ, ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ನಿಲ್ಲುತ್ತದೆ. "ಹೊಟ್ಟೀ ತುಂಬ ಉಣ್ಣಾಕ ಹಾಕ್ತೀವಿ, ಆದ್ರೂ ಯಾಕ ಬಡದಾಡ್ತಾವು?" ಎಂದು ಮನೆಯ ಹಿರಿಯಮ್ಮ ಕೇಳುತ್ತಾರೆ. ಮಾಸ್ತರರಲ್ಲಿ ಉತ್ತರವಿಲ್ಲ. ಅಂಗಡಿಯವನು ಫೋನ್ ಎತ್ತುವುದಿಲ್ಲ.

ಹಿರಿಯಮ್ಮನ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಟೆಟ್ರಾಗಳು ಹೋದದ್ದು ಹೊಟ್ಟೆಗೆ. ಅದು ಜಗಳವೇ ಅಲ್ಲ, ಊಟ. ಬಾಯಿಗೆ ಹಿಡಿಸುವ ಮೀನು ಆಸ್ಕರ್‌ನ ಲೆಕ್ಕದಲ್ಲಿ ನೆರೆಯವನಲ್ಲ, ನಾಷ್ಟಾ. ಗೋಲ್ಡ್‌ಫಿಶ್‌ಗೆ ಬಿದ್ದ ಏಟಿಗೂ ಇನ್ನೊಂದು ಆಸ್ಕರ್ ಮೂಲೆ ಸೇರಿದ್ದಕ್ಕೂ ಕಾರಣ ಬೇರೆ. ಅಲ್ಲಿ ಜಗಳ ಜಾಗಕ್ಕಾಗಿ.

ಆಸ್ಕರ್ ಸೇರಿದ ಕುಲಕ್ಕೆ ಸಿಕ್ಲಿಡ್ ಎಂದು ಹೆಸರು. ಆಫ್ರಿಕ, ಮಧ್ಯ ಅಮೆರಿಕ, ದಕ್ಷಿಣ ಅಮೆರಿಕ, ಮಡಗಾಸ್ಕರ್, ಭಾರತ, ಶ್ರೀಲಂಕಾ ಎಂದು ಹರಡಿಕೊಂಡಿರುವ ಈ ಕುಟುಂಬದಲ್ಲಿ ವಿಜ್ಞಾನಿಗಳು ಹೆಸರಿಟ್ಟ ಜಾತಿಗಳೇ 1,700ರ ಆಸುಪಾಸು. ಅಂಗಡಿಯ ಏಂಜೆಲ್ ಮೀನೂ ಸಿಕ್ಲಿಡ್, ಹಣೆಯ ಮೇಲೆ ಬೋರೆ ಹೊತ್ತ ಫ್ಲವರ್‌ಹಾರ್ನೂ ಸಿಕ್ಲಿಡ್. ಇವುಗಳಲ್ಲಿ ಹೆಚ್ಚಿನವು ಮೊಟ್ಟೆ ಇಟ್ಟು ಕೈತೊಳೆದುಕೊಳ್ಳುವುದಿಲ್ಲ. ಕಲ್ಲು ಉಜ್ಜಿ ಚೊಕ್ಕ ಮಾಡಿ ಅದರ ಮೇಲೆ ಮೊಟ್ಟೆ ಇಡುವುದು, ರೆಕ್ಕೆ ಬೀಸಿ ಗಾಳಿಯಾಡಿಸುವುದು, ಮರಿಗಳನ್ನು ವಾರಗಟ್ಟಲೆ ಕಾಯುವುದು, ಕೆಲವು ಜಾತಿಗಳಲ್ಲಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಉಪವಾಸ ಇರುವುದು, ಎಲ್ಲವೂ ಇವುಗಳ ಸಂಸಾರದಲ್ಲಿ ಉಂಟು. ಇಷ್ಟು ಬಾಣಂತನ ಮಾಡುವ ಮೀನಿಗೆ ಒಂದು ಅಂಗಳ ಬೇಕಾಗುತ್ತದೆ. ಅಂಗಳವಿದ್ದ ಮೇಲೆ ಬೇಲಿ. ಬೇಲಿ ಇದ್ದ ಮೇಲೆ ಜಗಳ.

ಒಂದೇ ಆಸ್ತಿಗೆ ಇಬ್ಬರು ವಾರಸುದಾರರು ಎಂಬುದು ದೇವಾಪುರಕ್ಕೂ ಹೊಸದಲ್ಲ. ಜೈಮಿನಿ ಭಾರತ ಬರೆದ ಲಕ್ಷ್ಮೀಶ ನಮ್ಮ ಊರಿನವನೆಂದು ಇಲ್ಲಿಯವರು ಹೇಳಿದರೆ, ಅಲ್ಲ, ಕಡೂರು ತಾಲ್ಲೂಕಿನ ದೇವನೂರಿನವನೆಂದು ಆ ಕಡೆಯವರು ಹೇಳುತ್ತಾರೆ. ಎರಡು ಊರುಗಳ ನಡುವೆ ಕೃಷ್ಣೆ, ತುಂಗಭದ್ರೆ ಎಂಬ ಎರಡು ಹೊಳೆಗಳು ಹರಿಯುವುದರಿಂದ ವ್ಯಾಜ್ಯ ಮಾತಿನಲ್ಲೇ ಉಳಿದಿದೆ. ಎರಡಡಿ ಉದ್ದದ ಟ್ಯಾಂಕಿನಲ್ಲಿ ಆ ಸೌಕರ್ಯವಿಲ್ಲ.

ಆ ಟ್ಯಾಂಕಿನ ಲೆಕ್ಕವನ್ನೇ ನೋಡಬಹುದು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಹಿಡಿಯುವುದು ಹೆಚ್ಚೆಂದರೆ 57 ಲೀಟರ್ ನೀರು. ಬೆರಳುದ್ದ ಬಂದ ಆಸ್ಕರ್ ಚೆನ್ನಾಗಿ ಬೆಳೆದರೆ ಒಂದಡಿ ದಾಟುತ್ತದೆ. ಒಂದಡಿಯ ಮೀನು ಒಂದಡಿ ಅಗಲದ ತೊಟ್ಟಿಯಲ್ಲಿ ತಿರುಗಬೇಕಾದರೆ ಸುರಪುರದ ಹಳೆಯ ಓಣಿಯಲ್ಲಿ ಲಾರಿ ತಿರುಗಿಸಿದ ಹಾಗೆ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ತೊಟ್ಟಿಗೆ 255 ಲೀಟರ್ ಹಿಡಿಯುತ್ತದೆ. ಒಂದು ಆಸ್ಕರ್‌ಗೆ ಅದು ಮನೆ. ಎರಡನೆಯದಕ್ಕೆ ಜಾಗ ಬೇಕಾದರೆ ಇನ್ನೂ ದೊಡ್ಡದು ಬೇಕು. 255 ಲೀಟರ್ ನೀರಿನ ತೂಕವೇ ಎರಡೂವರೆ ಕ್ವಿಂಟಲ್ ಆಗುವುದರಿಂದ ಹಳೆಯ ಟೀಪಾಯಿಯ ಮೇಲೆ ಅದನ್ನು ಕೂಡಿಸುವ ಆಸೆ ಬಿಡಬೇಕು.

ಜಾಗ ಸಿಕ್ಕಿತು ಎನ್ನೋಣ. ಇನ್ನು ಜೊತೆ ನೋಡುವ ಕೆಲಸ. ಹೆಣ್ಣು ಗಂಡು ನೋಡುವಾಗ ಇರುವ ಹಾಗೆ ಇಲ್ಲೂ ಒಂದು ಜಾತಕವಿದೆ. ಅದರಲ್ಲಿ ಮೊದಲ ಮನೆ ನೀರಿನದು. ಆಸ್ಕರ್ ಅಮೆಜಾನ್ ಸೀಮೆಯ ಮೃದು ನೀರಿನ ಮೀನು. ಆಫ್ರಿಕದ ಮಲಾವಿ ಸರೋವರದ ಬಂಡೆಗಳ ಸಂದಿಯಲ್ಲಿ ಬೆಳೆಯುವ 'ಎಂಬುನಾ' ಗುಂಪಿನ ಮೀನುಗಳಿಗೆ ಕ್ಷಾರದ ಗಡಸು ನೀರು ಬೇಕು. ಸೋಲಾರ್ ಹೀಟರಿನ ಪೈಪಿಗೆ ಬಿಳಿ ಪದರು ಕಟ್ಟಿಸುವ ಬೋರ್‌ವೆಲ್ ನೀರಿದ್ದರೆ ಅದಕ್ಕೆ ಎಂಬುನಾಗಳು ಬೇಗ ಒಗ್ಗಿಕೊಳ್ಳುತ್ತವೆ. ಎರಡನೆಯ ಮನೆ ಊಟದ್ದು. ಎಂಬುನಾಗಳು ಬಂಡೆಯ ಮೇಲಿನ ಪಾಚಿ ಹೆರೆದು ತಿನ್ನುವ ಜನ. ಆಸ್ಕರ್‌ಗೆ ಹಾಕುವ ಮಾಂಸದ ತುಣುಕು ತಿಂದರೆ ಅವು ಹೊಟ್ಟೆ ಉಬ್ಬಿ ಸಾಯಬಹುದು. ಎರಡೂ ಸಿಕ್ಲಿಡ್, ಎರಡೂ ಜಗಳಗಂಟ, ಆದ್ದರಿಂದ ಸಮಬಲ ಎಂದು ಒಂದೇ ತೊಟ್ಟಿಗೆ ಹಾಕಿದರೆ ಒಬ್ಬರ ಅಡುಗೆ ಇನ್ನೊಬ್ಬರಿಗೆ ವಿಷ.

ಮೂರನೆಯ ಮನೆ ರೂಪದ್ದು. ಇಲ್ಲಿ ಲೆಕ್ಕ ತಲೆಕೆಳಗು. ಮದುವೆಗೆ ಹೋಲಿಕೆ ಬೇಕು, ಟ್ಯಾಂಕಿಗೆ ಹೋಲಿಕೆ ಬೇಡ. ಗಂಡು ಸಿಕ್ಲಿಡ್‌ಗೆ ಅತಿ ಸಿಟ್ಟು ಬರುವುದು ತನ್ನಂತೆಯೇ ಕಾಣುವವನ ಮೇಲೆ. ಅದೇ ಬಣ್ಣ, ಅದೇ ಪಟ್ಟೆ, ಅದೇ ಆಕಾರ ಕಂಡರೆ ಅವನೇ ಪ್ರತಿಸ್ಪರ್ಧಿ. ಉದ್ದ ಮೈಯವನಿಗೆ ಅಗಲ ಮೈಯವನು, ತಳದವನಿಗೆ ಮೇಲಿನವನು ಜೊತೆಯಾದರೆ ಅರ್ಧ ವ್ಯಾಜ್ಯ ಹುಟ್ಟುವುದೇ ಇಲ್ಲ. ಅದಕ್ಕೇ ದೊಡ್ಡ ಸಿಕ್ಲಿಡ್‌ಗಳ ಜೊತೆ ಸಿಲ್ವರ್ ಡಾಲರ್, ಟಿನ್‌ಫಾಯಿಲ್ ಬಾರ್ಬ್, ಜೈಂಟ್ ಡೇನಿಯೊದಂಥ ಚುರುಕು ಮೀನುಗಳ ಗುಂಪನ್ನು ಬಿಡುವ ರೂಢಿ. ಗಾತ್ರ ಮಾತ್ರ ದೊಡ್ಡವನ ಬಾಯಿಗಿಂತ ದೊಡ್ಡದಿರಬೇಕು. ತಳಕ್ಕೆ ಅಂಗಡಿಯವರು 'ಸಕ್ಕರ್' ಎಂದೋ 'ಟ್ಯಾಂಕ್ ಕ್ಲೀನರ್' ಎಂದೋ ಕರೆಯುವ ಕವಚದ ಮೀನು ಸರಿಹೋಗುತ್ತದೆ. ಸಣ್ಣ ಸಕ್ಕರ್ ಮರಿಯನ್ನು ಆಸ್ಕರ್ ನುಂಗಲು ಹೋಗಿ, ಅದರ ಮುಳ್ಳು ಗಂಟಲಲ್ಲಿ ಸಿಕ್ಕಿ, ಇಬ್ಬರೂ ಸತ್ತದ್ದುಂಟು. ತಂದರೆ ದೊಡ್ಡದನ್ನೇ ತರಬೇಕು.

ಗುಂಪಾಗಿ ಬಿಡುವ ಆ ಚುರುಕು ಮೀನುಗಳಿಂದ ಇನ್ನೊಂದು ಉಪಯೋಗವಿದೆ. ಸಿಕ್ಲಿಡ್‌ಗಳ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿದ ಅಮೆರಿಕದ ಜಾರ್ಜ್ ಬಾರ್ಲೋ, ಪ್ರಯೋಗಾಲಯದ ಮೀನುಗಳು ಹೆದರಿ ಬಚ್ಚಿಟ್ಟುಕೊಳ್ಳುವುದನ್ನು ತಪ್ಪಿಸಲು, ಮೇಲ್ಗಡೆ ನಿರಾತಂಕವಾಗಿ ಓಡಾಡುವ ಸಣ್ಣ ಮೀನುಗಳನ್ನು ಬಿಡುವ ಉಪಾಯವನ್ನು 1968ರಲ್ಲಿ ಬರೆದಿಟ್ಟರು. ಮೇಲೆ ಮಕ್ಕಳು ಆಡುತ್ತಿದ್ದರೆ ಹೊರಗೆ ಅಪಾಯವಿಲ್ಲ ಎಂದು ಕೆಳಗಿನ ಮೀನಿಗೆ ಧೈರ್ಯ. ಬೀದಿಯಲ್ಲಿ ಹುಡುಗರು ಗೋಲಿ ಆಡುತ್ತಿದ್ದರೆ ಮುದುಕರು ನಿಶ್ಚಿಂತೆಯಿಂದ ಕಟ್ಟೆಗೆ ಬಂದು ಕೂರುತ್ತಾರಲ್ಲ, ಹಾಗೆ.

ಎಂಬುನಾ ಇಟ್ಟವರ ಉಪಾಯ ಇದಕ್ಕಿಂತ ವಿಚಿತ್ರ. ಜಗಳ ಕಡಿಮೆ ಮಾಡಲು ಅವರು ಮೀನು ಹೆಚ್ಚು ಮಾಡುತ್ತಾರೆ. ನಾಲ್ಕೇ ಎಂಬುನಾ ಇದ್ದರೆ ಬಲಾಢ್ಯನೊಬ್ಬ ಒಂದನ್ನೇ ಹಿಡಿದು ದಿನವಿಡೀ ಹೊಡೆಯುತ್ತಾನೆ. ಇಪ್ಪತ್ತಿದ್ದರೆ ಯಾರನ್ನು ಅಟ್ಟಬೇಕೆಂಬುದೇ ತಿಳಿಯದೆ ಏಟು ಹಂಚಿಹೋಗುತ್ತದೆ. ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು, ನುಸುಳಲು ಕಲ್ಲುಗಳ ರಾಶಿ, ನೀರು ಕೊಳೆಯದಂತೆ ಜೋರಿನ ಫಿಲ್ಟರ್, ಇವಿಷ್ಟೂ ಕೂಡಿದರೆ ಮಾತ್ರ ಈ ಜನಜಂಗುಳಿಯ ನ್ಯಾಯ ನಡೆಯುತ್ತದೆ. ಇದನ್ನು ಕೇಳಿ ಹತ್ತು ಆಸ್ಕರ್ ತಂದು ಸುರಿದರೆ ನೀರೇ ಮೊದಲು ಸಾಯುತ್ತದೆ.

ಸಾಧು ಮೀನಿನ ಜೊತೆ ಇಟ್ಟರೆ ಜಗಳಗಂಟ ಸಾಧುವಾಗುತ್ತಾನೆಯೇ? ಇದಕ್ಕೆ ಉತ್ತರ ಹುಡುಕಿದ ಕತೆಯಲ್ಲಿ ಬರುವ ಮೀನು ನಮ್ಮ ಕರಾವಳಿಯದೇ. ಭಾರತದ ಸ್ವಂತ ಸಿಕ್ಲಿಡ್‌ಗಳು ಮೂರೇ ಮೂರು. ಉತ್ತರ ಕನ್ನಡದವರು ಕಾಗಳಸಿ ಎನ್ನುವ, ಕೇರಳದವರು ಕರಿಮೀನ್ ಎಂದು ಕರೆದು 2010ರಲ್ಲಿ ತಮ್ಮ ರಾಜ್ಯದ ಮೀನಾಗಿಯೇ ಘೋಷಿಸಿದ ಮೀನು ಒಂದು. ಕರಾವಳಿ ಕರ್ನಾಟಕದ ಕೆಲವೇ ಹೊಳೆಗಳಲ್ಲಿ ಸಿಗುವ, ಕೆನರಾ ಸೀಮೆಯ ಹೆಸರನ್ನೇ ಹೊತ್ತ ಕ್ಯಾನರೆನ್ಸಿಸ್ ಇನ್ನೊಂದು. ಮೂರನೆಯದು ಬೆರಳುದ್ದದ, ಕಿತ್ತಳೆ ಬಣ್ಣದ ಆರೆಂಜ್ ಕ್ರೋಮೈಡ್. ಆಸ್ಟ್ರಿಯದ ಕಾನ್ರಾಡ್ ಲೊರೆಂಟ್ಸ್, ಪ್ರಾಣಿಗಳ ವರ್ತನೆಯ ಅಧ್ಯಯನಕ್ಕಾಗಿ 1973ರಲ್ಲಿ ನೊಬೆಲ್ ಪಡೆದವರಲ್ಲೊಬ್ಬ, ಜಗಳದ ಬಗ್ಗೆ 1963ರಲ್ಲಿ ಬರೆದ ಪುಸ್ತಕದಲ್ಲಿ ಈ ಕಿತ್ತಳೆ ಮೀನಿನ ಸಂಸಾರದ ಗುಟ್ಟು ಬಯಲು ಮಾಡಿದ. ಗಂಡ ಹೆಂಡತಿ ಎರಡನ್ನೇ ಒಂದು ತೊಟ್ಟಿಯಲ್ಲಿ ಇಟ್ಟರೆ ಗಂಡು ತನ್ನ ಹೆಣ್ಣಿನ ಮೇಲೆಯೇ ತಿರುಗಿ ಬೀಳುತ್ತದೆ. ತೊಟ್ಟಿಯ ನಡುವೆ ಗಾಜಿನ ತಡೆ ಹಾಕಿ ಆ ಕಡೆ ಇನ್ನೊಂದು ಜೋಡಿ ಇಟ್ಟರೆ ಎರಡು ಮನೆಯ ಗಂಡುಗಳೂ ಗಾಜಿಗೆ ಬಡಿದುಕೊಂಡು ಸಿಟ್ಟು ತೀರಿಸಿಕೊಳ್ಳುತ್ತವೆ, ಮನೆಯೊಳಗೆ ಮಾತ್ರ ಸಂಸಾರ ಸುಸೂತ್ರ. ಮನೆಯೊಳಗೆ ಕಿರಿಕಿರಿ ಶುರುವಾಯಿತೆಂದರೆ ನಡುವಿನ ಗಾಜಿಗೆ ಪಾಚಿ ಹಿಡಿದು ನೆರೆಯವರು ಕಾಣುತ್ತಿಲ್ಲ ಎಂದೇ ಅರ್ಥ; ಗಾಜು ಒರೆಸಿದರೆ ಮತ್ತೆ ಶಾಂತಿ.

ಈ ಕತೆಯನ್ನು ಮಾಸ್ತರರ ಮನೆಯ ಹಿರಿಯಮ್ಮನಿಗೆ ಹೇಳಿದರೆ ಅವರಿಗೇನೂ ಆಶ್ಚರ್ಯವಾಗುವುದಿಲ್ಲ. "ಅದಕ್ಕ ನೋಡು, ಬಾಜು ಮನಿಯವರು ಊರಿಗೆ ಹೋದ್ರ ನಿಮ್ಮಪ್ಪ ನನ್ನ ಕೂಡ ಜಗಳ ತಗೀತಿದ್ದ" ಎನ್ನುತ್ತಾರೆ.

ಲೊರೆಂಟ್ಸನ ಮಾತನ್ನು ಆನ್ ರಾಸಾ ಎಂಬ ವಿಜ್ಞಾನಿ ಇದೇ ಆರೆಂಜ್ ಕ್ರೋಮೈಡ್‌ಗಳ ಮೇಲೆ ಪರೀಕ್ಷಿಸಿ 1969ರಲ್ಲಿ ಪ್ರಕಟಿಸಿದರು. ಒಂಟಿಯಾಗಿಟ್ಟ ಜೋಡಿಗಳಲ್ಲಿ ಒಳಜಗಳ ಹೆಚ್ಚು. ಬೇರೆ ಮೀನುಗಳು ಕಣ್ಣಿಗೆ ಬೀಳುವಂತೆ ಇಟ್ಟ ಜೋಡಿಗಳು ಸಂಸಾರ ನಡೆಸಿದವು. ಸಿಟ್ಟು ಕುಕ್ಕರಿನ ಆವಿಯಂತೆ ಒಳಗೇ ತುಂಬಿ ಎಲ್ಲೋ ಒಂದು ಕಡೆ ಸೀಟಿ ಹೊಡೆಯಲೇಬೇಕು ಎಂಬ ಲೊರೆಂಟ್ಸನ ಸಿದ್ಧಾಂತವನ್ನು ಆಮೇಲೆ ಬಂದ ಅನೇಕರು ಒಪ್ಪಲಿಲ್ಲ. ತೊಟ್ಟಿ ಇಟ್ಟವರಿಗೆ ಸಿದ್ಧಾಂತ ಮುಖ್ಯವಲ್ಲ, ಗಾಜು ಮುಖ್ಯ. ಜೋಡಿ ಕಟ್ಟಿದ ಸಿಕ್ಲಿಡ್ ತನ್ನ ಹೆಣ್ಣನ್ನು ಕೊಲ್ಲುವ ಹಂತಕ್ಕೆ ಬಂದರೆ ನಡುವೆ ಒಂದು ಹಲಗೆ ಗಾಜು ಇಳಿಸಿ ಆ ಕಡೆ ಬೇರೆ ಗಟ್ಟಿ ಮೀನೊಂದನ್ನು ಬಿಡುವುದು ಇಂದಿಗೂ ನಡೆಯುವ ಉಪಾಯ. ಫ್ಲವರ್‌ಹಾರ್ನ್ ಸಾಕುವವರಲ್ಲಿ ಅನುಭವಿಗಳು ಗಂಡು ಹೆಣ್ಣನ್ನು ವಾರಗಟ್ಟಲೆ ಗಾಜಿನ ಆಚೆ ಈಚೆ ಇಟ್ಟು, ಒಂದರ ಮುಖ ಇನ್ನೊಂದಕ್ಕೆ ರೂಢಿಯಾದ ಮೇಲಷ್ಟೇ ಕೂಡಿಸುತ್ತಾರೆ. 1990ರ ದಶಕದ ಕೊನೆಯಲ್ಲಿ ಮಲೇಷ್ಯಾದ ಸಾಕಣೆಗಾರರು ಹಲವು ಅಮೆರಿಕನ್ ಸಿಕ್ಲಿಡ್‌ಗಳನ್ನು ಬೆರೆಸಿ ಮಾಡಿದ ಈ ಮೀನನ್ನು ನಮ್ಮಲ್ಲಿ ವಾಸ್ತುವಿನ ಹೆಸರಿನಲ್ಲಿ ಮಾರುತ್ತಾರೆ. ಮನೆಗೆ ಶಾಂತಿ ತರುತ್ತದೆಂದು ಕೊಂಡ ಮೀನಿಗೆ ಮನೆಯಲ್ಲಿ ಇನ್ನೊಂದು ಮೀನನ್ನು ಕಂಡರೆ ಆಗುವುದಿಲ್ಲ. ಬೆಳೆದ ಫ್ಲವರ್‌ಹಾರ್ನ್‌ಗೆ ತಕ್ಕ ಜೊತೆ ಯಾವುದು ಎಂದು ಕೇಳಿದರೆ ಪ್ರಾಮಾಣಿಕ ಉತ್ತರ: ಯಾವುದೂ ಇಲ್ಲ. ಒಂಟಿಯಾಗಿಡಿ.

ಜಾಕ್ ಡೆಂಪ್ಸಿ ಎಂಬ ಇನ್ನೊಂದು ಸಿಕ್ಲಿಡ್ ಇದೆ. 1919ರಿಂದ 1926ರವರೆಗೆ ಹೆವಿವೇಟ್ ವಿಶ್ವ ಚಾಂಪಿಯನ್ ಆಗಿದ್ದ ಮುಷ್ಟಿಕಾಳಗದ ಜಟ್ಟಿಯ ಹೆಸರು ಅದು. ಹೆಸರೇ ಎಚ್ಚರಿಕೆ ಕೊಡುವಾಗ ಅಂಗಡಿಯವನನ್ನು ದೂರುವ ಹಾಗಿಲ್ಲ. ಕೈದಿಯ ಅಂಗಿಯಂಥ ಕಪ್ಪು ಪಟ್ಟೆಯ ಕನ್ವಿಕ್ಟ್ ಸಿಕ್ಲಿಡ್ ಅದಕ್ಕಿಂತ ಬಲು ಸಣ್ಣದು, ಆದರೆ ಮರಿ ಮಾಡಿದಾಗ ತನಗಿಂತ ಎರಡು ಪಟ್ಟು ದೊಡ್ಡವನನ್ನೂ ಮೂಲೆಗೆ ನೂಕುತ್ತದೆ. ಇದೇ ಕನ್ವಿಕ್ಟ್‌ಗಳಲ್ಲಿ 1999ರಲ್ಲಿ ಕಂಡುಬಂದ ಒಂದು ಸಂಗತಿ ಸ್ವಾರಸ್ಯವಾದದ್ದು: ಪರಿಚಯದ ನೆರೆಯವನಿಗಿಂತ ಅಪರಿಚಿತನ ಮೇಲೆ ಅವುಗಳ ದಾಳಿ ಜಾಸ್ತಿ. ಬೇಲಿ ಎಲ್ಲಿದೆ ಎಂದು ಒಮ್ಮೆ ತೀರ್ಮಾನವಾದ ಮೇಲೆ ಹಳೆಯ ವೈರಿಯೇ ಒಳ್ಳೆಯ ನೆರೆಯವನು.

ತೊಟ್ಟಿಗೆ ಹೊಸ ಮೀನು ತರುವ ಕ್ರಮ ಹುಟ್ಟುವುದು ಇಲ್ಲಿಂದಲೇ. ಮೊದಲು ಬಂದವನು ಯಜಮಾನ. ಆದ್ದರಿಂದ ಸಾಧುಗಳನ್ನು ಮೊದಲು ಬಿಟ್ಟು, ಎಲ್ಲರಿಗಿಂತ ಜಗಳಗಂಟನನ್ನು ಕೊನೆಗೆ ಬಿಡಬೇಕು. ಹಳೆಯವರ ನಡುವೆ ಹೊಸಬನನ್ನು ತರಲೇಬೇಕಾದರೆ ಕಲ್ಲು, ಕೊರಡುಗಳ ಜಾಗವನ್ನೆಲ್ಲ ಬದಲಿಸಿ, ದೀಪ ಆರಿಸಿ, ಕತ್ತಲಲ್ಲಿ ಬಿಡಬೇಕು. ಬೆಳಗಾದಾಗ ಎಲ್ಲರಿಗೂ ಊರು ಹೊಸದು, ಯಾರ ಹೆಸರಲ್ಲೂ ಪಹಣಿ ಇಲ್ಲ.

ಮೀನಿಗೆ ಅಷ್ಟೆಲ್ಲ ತಿಳಿಯುತ್ತದೆಯೇ ಎಂದು ಅನುಮಾನಪಡುವವರಿಗೆ ಟ್ಯಾಂಗನಿಕಾ ಸರೋವರದ ಬರ್ಟೋನಿ ಎಂಬ ಪುಟ್ಟ ಸಿಕ್ಲಿಡ್ ಉತ್ತರ ಕೊಟ್ಟಿದೆ. ಒಬ್ಬನನ್ನು ಮತ್ತೊಬ್ಬ ಸೋಲಿಸುವುದನ್ನು ದೂರದಿಂದ ನೋಡಿಯೇ, ತಾನು ಕಣ್ಣಾರೆ ಕಾಣದ ಜೋಡಿಯಲ್ಲಿ ಯಾರು ಮೇಲು ಯಾರು ಕೀಳು ಎಂದು ಆ ಗಂಡು ಮೀನು ಲೆಕ್ಕ ಹಾಕುತ್ತದೆ ಎಂದು 2007ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ಚುನಾವಣೆಯ ಮುಂಚೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನಡೆಯುವುದೂ ಇದೇ ಲೆಕ್ಕ.

ಇಷ್ಟೆಲ್ಲ ಸರಿ ಮಾಡಿದ ಮಾಸ್ತರರು ಸಾಮಾನ್ಯವಾಗಿ ಎಡವುವುದು ರವಿವಾರ. ರಜೆಯ ದಿನ ತೊಟ್ಟಿಯ ನೀರನ್ನೆಲ್ಲ ಚೆಲ್ಲಿ, ಕಲ್ಲುಗಳನ್ನು ಉಜ್ಜಿ, ಹೊಸ ನೀರು ತುಂಬಿ, ಫಳಫಳ ಹೊಳೆಯುವ ಟ್ಯಾಂಕಿನ ಮುಂದೆ ಚಹಾ ಕುಡಿಯುವಾಗ ಒಳಗೆ ಮಹಾಯುದ್ಧ. ನೀರಿನ ಹೊಲಸನ್ನು ಕರಗಿಸುವ ಬ್ಯಾಕ್ಟೀರಿಯಾಗಳು ಉಜ್ಜಿದ ಕಲ್ಲು, ತೊಳೆದ ಫಿಲ್ಟರಿನ ಜೊತೆ ಹೋಗಿರುತ್ತವೆ, ಅದೊಂದು. ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದಿಲ್ಲ. ಮೊಸಾಂಬಿಕ್ ಟಿಲಾಪಿಯಾದ ಬಲಾಢ್ಯ ಗಂಡು ಜಗಳದ ನಡುವೆ ಮೂತ್ರ ಬಿಟ್ಟು ತನ್ನ ಅಂತಸ್ತನ್ನು ನೀರಿಗೇ ಸಾರುತ್ತದೆ. ಆ ವಾಸನೆ ಹತ್ತಿದ ಎದುರಾಳಿಯ ಸಿಟ್ಟು ಇಳಿಯುತ್ತದೆ. ನೀರು ಚೆಲ್ಲಿದರೆ ಆ ಸಾರೋಲೆಯೂ ಚೆಲ್ಲಿಹೋಗುತ್ತದೆ. ನೀರು ಬದಲಿಸಿದಾಗ ನೈಲ್ ಟಿಲಾಪಿಯಾಗಳಲ್ಲಿ ಜಗಳ ಹೆಚ್ಚುವುದನ್ನು ವಿಜ್ಞಾನಿಗಳು 2008ರಲ್ಲಿ ದಾಖಲಿಸಿದರು. ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು, ಕ್ಲೋರಿನ್ ಇಲ್ಲದ ಅಷ್ಟೇ ನೀರು ಸೇರಿಸಿದರೆ ಸಾಕು.

ತೊಟ್ಟಿಯ ಕಷ್ಟಕ್ಕೆ ಯಾದಗಿರಿ ಜಿಲ್ಲೆಯ ಬೇಸಿಗೆಯೂ ತನ್ನ ಪಾಲು ಸೇರಿಸುತ್ತದೆ. ನೀರು 25 ಡಿಗ್ರಿ ಇದ್ದಾಗ ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ, 32 ಡಿಗ್ರಿಗೆ ಏರಿದರೆ ಸುಮಾರು 7.3. ಬಿಸಿಯಲ್ಲಿ ಮೀನಿನ ಉಸಿರಾಟದ ಬೇಡಿಕೆ ಏರುತ್ತದೆ, ಸಿಗುವ ಉಸಿರು ಇಳಿಯುತ್ತದೆ. ಮಧ್ಯಾಹ್ನ ಕರೆಂಟ್ ಹೋಗಿ ಏರ್ ಪಂಪ್ ನಿಂತರೆ, ಏಟು ತಿಂದು ಮೂಲೆ ಸೇರಿದ ಮೀನೇ ಮೊದಲು ಹೋಗುವುದು. ಬ್ಯಾಟರಿಯ ಒಂದು ಪುಟ್ಟ ಪಂಪ್ ಇಟ್ಟುಕೊಳ್ಳುವುದು ಹತ್ತು ಜೊತೆಗಾರರನ್ನು ಹುಡುಕುವುದಕ್ಕಿಂತ ಅಗ್ಗ.

ಕುಲದ ಮಾನ ಉಳಿಸಲು ಕಾಗಳಸಿಯ ಕತೆಯನ್ನೂ ಹೇಳಬೇಕು. ಆರೆಂಜ್ ಕ್ರೋಮೈಡ್‌ಗಳು ಕಾಗಳಸಿಯ ಮೈ ಮೇಲಿನ ಪರಾವಲಂಬಿಗಳನ್ನು ಹೆಕ್ಕಿ ಚೊಕ್ಕ ಮಾಡುತ್ತವೆ, ದೊಡ್ಡದು ಮೈಯೊಡ್ಡಿ ನಿಲ್ಲುತ್ತದೆ ಎಂದು ವೈಮನ್ ಮತ್ತು ವಾರ್ಡ್ ಎಂಬಿಬ್ಬರು 1972ರಲ್ಲಿ ವರದಿ ಮಾಡಿದರು. ಜಗಳಗಂಟ ಕುಲದಲ್ಲೂ ಹೀಗೊಂದು ಕ್ಷೌರದಂಗಡಿ! ಆದರೆ ಅವಕಾಶ ಸಿಕ್ಕರೆ ಅದೇ ಕಿತ್ತಳೆ ಮೀನು ಅದೇ ಕಾಗಳಸಿಯ ಮೊಟ್ಟೆ ಮರಿಗಳನ್ನೂ ತಿನ್ನುತ್ತದೆ. ಟ್ಯಾಂಕಿನ ಜೊತೆಗಾರಿಕೆ ಎಂದರೆ ಇಷ್ಟೇ: ಇವತ್ತು ಹೊಂದಿಕೊಂಡದ್ದು ಮೊಟ್ಟೆ ಇಟ್ಟ ದಿನ ಹೊಂದದೆ ಹೋಗಬಹುದು. ಅದಕ್ಕೆಂದೇ ಬುದ್ಧಿವಂತರು ಮೂಲೆಯಲ್ಲಿ ಒಂದು ಖಾಲಿ ತೊಟ್ಟಿಯನ್ನು ಸದಾ ತಯಾರಿಟ್ಟಿರುತ್ತಾರೆ, ತವರುಮನೆಯ ಹಾಗೆ.

ತವರುಮನೆ ಇಲ್ಲದವರು ಮಾಡುವ ತಪ್ಪೊಂದಿದೆ. ಸಾಕಿ ಸಾಕಾದ ಮೀನನ್ನು ಬಕೆಟ್ಟಿನಲ್ಲಿ ಒಯ್ದು "ಹೋಗವ್ವ, ಬದುಕ್ಕೋ" ಎಂದು ಕೆರೆಗೆ ಬಿಡುತ್ತಾರೆ. ಪುಣ್ಯ ಬಂತೆಂದು ಅವರ ನಂಬಿಕೆ. ದೇವಾಪುರದ ಅಡುಗೆಮನೆಗಳಿಗೆ ಬರುವ ಜಿಲೇಬಿ ಮೀನು ಎಂಬ ಟಿಲಾಪಿಯಾ ಕೂಡ ಒಂದು ಸಿಕ್ಲಿಡ್. 1952ರಲ್ಲಿ ಆಹಾರಕ್ಕೆಂದು ಭಾರತಕ್ಕೆ ತಂದ ಈ ಆಫ್ರಿಕದ ಮೀನು ಮೊಟ್ಟೆಗಳನ್ನು ಬಾಯಲ್ಲಿಟ್ಟು ಕಾಯ್ದುಕೊಂಡೇ ದೇಶದ ಕೆರೆ ಹೊಳೆಗಳನ್ನು ತುಂಬಿತು. ಸಾರಿನ ಮೀನು, ಗಾಜಿನ ಮೀನು ಎಂಬ ಎರಡು ಬಗೆ ಹಾಗಾಗಿ ಒಂದೇ ಮನೆತನ. ಟ್ಯಾಂಕ್ ಕ್ಲೀನರ್ ಎಂದು ಕೊಂಡ ಸಕ್ಕರ್ ಮೀನು ಆಂಧ್ರದ ಕೆರೆ ಕಾಲುವೆಗಳನ್ನು ಸೇರಿ, ಕವಚದ ಮುಳ್ಳಿನಿಂದ ಬಲೆ ಹರಿಯುವುದಕ್ಕೆ, ಅಲ್ಲಿಯ ಬೆಸ್ತರು ಅದನ್ನು ದೆಯ್ಯಂ ಚೇಪ, ಅಂದರೆ ದೆವ್ವದ ಮೀನು, ಎಂದು ಕರೆಯುತ್ತಾರೆ.

ಸುರಪುರದ ನಾಯಕರ ಕಾಲದ, ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಆಸ್ಥೆಯಿಂದ ಬೆಳೆಸಿದ ಬೋನಾಳ ಕೆರೆ ಈಗ ಪಕ್ಷಿಧಾಮ. ನಾರಾಯಣಪುರದ ಬಸವಸಾಗರದಿಂದ ಹೊರಟ ಕಾಲುವೆಗಳು ಹೊಲಹೊಲವನ್ನು ಮುಟ್ಟುತ್ತವೆ. ಅಲ್ಲಿ ಆಸ್ಕರ್, ಫ್ಲವರ್‌ಹಾರ್ನ್, ಸಕ್ಕರ್ ಯಾವುದನ್ನೂ ಬಿಡಬೇಡಿ. ಜೊತೆ ಹೊಂದದ ಮೀನನ್ನು ತಂದ ಅಂಗಡಿಗೇ ವಾಪಸ್ ಕೊಡಿ. ಅವನು ದುಡ್ಡು ಕೊಡದಿದ್ದರೂ ಮೀನನ್ನು ತೆಗೆದುಕೊಳ್ಳುತ್ತಾನೆ.